ಬೊಂಬಾಯಿಯಿಂದ ಬಜಪೆಗೆ ಒಂದೂಕಾಲು ಗಂಟೆ

ಶಾಲೆಯ ಅಟ್ಲಾಸಿನ ಮೇಲೆ ಹೊಲಿಗೆ ನೂಲು ಹಿಡಿದು ಬೊಂಬಾಯಿಯಿಂದ ನಮ್ಮ ಬಜಪೆ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ ಎಂದು ಮೂರು ಸಲ ಅಳೆದೆ. ಮೂರು ಸಲವೂ ಏಳುನೂರು ಕಿಲೋಮೀಟರಿನ ಆಸುಪಾಸೇ ಬಂತು. ವಿಮಾನಕ್ಕೆ ಅಷ್ಟು ದೂರ ಒಂದೂಕಾಲು ಗಂಟೆಯ ದಾರಿ ಎಂದು ಭಾವ ಪತ್ರದಲ್ಲಿ ಬರೆದಿದ್ದರು. ಬೆಳ್ತಂಗಡಿಯ ನಮ್ಮ ಮನೆಯಿಂದ ಬಜಪೆಗೆ ಅರವತ್ತು ಕಿಲೋಮೀಟರ್. ಆಗಿನ ರಸ್ತೆಯಲ್ಲಿ ಕಾರಿಗೆ ಎರಡು ಗಂಟೆ ಬೇಕು. ಖುಷಿಗೆ ಮೈ ಜುಮ್ಮೆಂದಿತು, ಜೊತೆಗೇ ಹೆದರಿಕೆಯೂ ಶುರುವಾಯಿತು.

ಅಕ್ಕನ ಎರಡನೆಯ ಹೆರಿಗೆಗೆಂದು ಬೊಂಬಾಯಿಗೆ ಬಸ್ಸಿನಲ್ಲಿ ಹೋಗಿದ್ದ ಅಮ್ಮ ವಿಮಾನದಲ್ಲಿ ಬರುವವಳಿದ್ದಳು, ಅದೂ ಒಬ್ಬಳೇ. ತುಳು ಬಿಟ್ಟರೆ ಬೇರೆ ಭಾಷೆ ಬಾರದು. "ಇಳಿಯುವಾಗ ನೀನು ಕಣ್ಣಿಗೆ ಕಾಣಬೇಕು. ಇಲ್ಲದಿದ್ದರೆ ನಾನು ಸೀಟಿನಿಂದ ಏಳುವುದೇ ಇಲ್ಲ" ಎಂದು ಅಕ್ಕನ ಕೈಯಲ್ಲಿ ಬರೆಸಿದ್ದಳು.

ವಿಮಾನ ಬೊಂಬಾಯಿ ಬಿಡುವುದೇ ಹನ್ನೊಂದಕ್ಕೆ. ನಾನು ಬೆಳಿಗ್ಗೆ ಏಳಕ್ಕೇ ಟ್ಯಾಕ್ಸಿ ಕರೆಸಿದೆ.

"ಮಾಷ್ಟ್ರೇ, ಕಾರು ನೂಕಿಕೊಂಡು ಹೋಗುದಾ?" ಎಂದ ಡ್ರೈವರ. ಊರಿನವನೇ.

"ಪಂಕ್ಚರ್ ಆದರೆ?"

"ಸ್ಟೆಪ್ನಿ ಉಂಟು."

"ಅದೂ ಪಂಕ್ಚರ್ ಆದರೆ?"

"ನಿಮ್ಮನ್ನು ಹೆಗಲ ಮೇಲೆ ಹೊತ್ತು ಓಡ್ತೇನೆ ಮಾರಾಯ್ರೆ!"

ಮೂಡುಬಿದಿರೆಯಲ್ಲಿ ಅವನು ಚಾ ಕುಡಿಯಲು ನಿಲ್ಲಿಸಿದ. ನಾನು ಇಳಿಯಲಿಲ್ಲ, ಇಳಿದರೆ ಮತ್ತೆ ಹತ್ತುವುದಕ್ಕೆ ಹೊತ್ತು ಹೋದೀತು. ಒಂಬತ್ತೂವರೆಗೆ ಬಜಪೆಯಲ್ಲಿದ್ದೆವು. ಅಲ್ಲಿ ಗುಡಿಸುವವರನ್ನು ಬಿಟ್ಟರೆ ಯಾರೂ ಇಲ್ಲ.

ಹನ್ನೊಂದಾಯಿತು. ಬೇಲಿಯ ಬಳಿ ನಿಂತು ಡ್ರೈವರನಿಗೆ ವರದಿ ಒಪ್ಪಿಸತೊಡಗಿದೆ: ಈಗ ಎದ್ದಿತು, ಈಗ ರತ್ನಾಗಿರಿ, ಈಗ ಗೋವೆ! ಪಕ್ಕದ ಬಂಟ್ವಾಳಕ್ಕೆ ಹೋಗಬೇಕಾದರೂ ನಾಲ್ಕು ದಿನ ಯೋಚಿಸುವ ನನ್ನ ಅಮ್ಮ, ನಿಮಿಷಕ್ಕೆ ಹತ್ತು ಕಿಲೋಮೀಟರಿನಂತೆ ನನ್ನ ಕಡೆಗೆ ಬರುತ್ತಿದ್ದಾಳೆ!

ಹನ್ನೆರಡಕ್ಕೆ ಹೊಸ ಸಂಶಯ ಹುಟ್ಟಿತು. ಬೊಂಬಾಯಿ ಬಿಡುವಾಗಲೇ ತಡವಾಗಿದ್ದರೆ?

"ಕೇಳಿ ಬರ್ತೇನೆ" ಎಂದೆ.

"ಎರಡು ಸಲ ಕೇಳಿ ಆಯ್ತಲ್ಲ?"

ಆದರೂ ಹೋದೆ. ಕೌಂಟರಿನ ಮುಂದೆ ಐದಾರು ಮಂದಿ ಸಾಲಿನಲ್ಲಿದ್ದರು. ನನ್ನ ಸರದಿ ಹತ್ತಿರ ಬರುವಾಗ ಹೊರಗೆ ಭಾರೀ ಸದ್ದಾಯಿತು. ಅದು ನಮ್ಮದೇ ವಿಮಾನವೆಂದು ಏನು ಖಾತ್ರಿ? ಸರದಿ ಬಿಡಲು ಮನಸ್ಸಾಗಲಿಲ್ಲ. ಅಂತೂ ಇಪ್ಪತ್ತು ನಿಮಿಷದ ಮೇಲೆ ಕಿಟಕಿ ಸಿಕ್ಕಿತು.

"ಸರ್, ಬೊಂಬಾಯಿ ವಿಮಾನ ಎಲ್ಲಿ ಮುಟ್ಟಿತು?"

ಆತ ಪೆನ್ನಿನ ತುದಿಯಿಂದ ನನ್ನ ಬೆನ್ನ ಹಿಂದೆ ತೋರಿಸಿದ. ತಿರುಗಿ ನೋಡಿದರೆ ಅಮ್ಮ! ಪಕ್ಕದಲ್ಲಿ ಅವಳ ಚೀಲ ಹಿಡಿದ ಡ್ರೈವರ, ನಗು ತಡೆಯಲು ಕಷ್ಟಪಡುತ್ತ.

"ಬೇಲಿಯಲ್ಲಿ ಇವನು ಕೈ ಬೀಸಿದ. ಗುರುತಿನ ಮುಖ ಕಂಡಿತು, ಎದ್ದೆ" ಎಂದಳು. "ನೀನೆಲ್ಲಿದ್ದೆ?"

"ನಿನ್ನ ವಿಮಾನವನ್ನು ವಿಚಾರಿಸ್ತಾ ಇದ್ದೆ."

"ಅದು ಬಂತು ಮಗಾ. ಇನ್ನು ಮನೆಗೆ ಹೋಗುವ."

ಕಾರಿನಲ್ಲಿ ಅವಳು ಮುಂದಕ್ಕೆ ಬಾಗಿ, ಮೋಡ ಕಾಲಡಿಯಲ್ಲಿ ಇದ್ದದ್ದು, ಕಿವಿ ಮುಚ್ಚಿಹೋದದ್ದು, ಯಾರೋ ಹೆಂಗಸು ಪೆಪ್ಪರಮಿಂಟು ಕೊಟ್ಟದ್ದು, ಎಲ್ಲವನ್ನೂ ಡ್ರೈವರನಿಗೇ ಹೇಳಿದಳು. ಪಕ್ಕದಲ್ಲೇ ಕೂತಿದ್ದ ನಾನು ಬೆಳ್ತಂಗಡಿಯವರೆಗೂ ಕಿವಿಗೊಟ್ಟು ಕೇಳಿದೆ.