‘ಹೋಯ್ತು’ ಅನ್ನಬಾರದ ಅಂಗಡಿ

ಆ ಅಂಗಡಿಯ ಯಜಮಾನರ ಎಡಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತಕ್ಕಿಂತ ಅರ್ಧ ಇಂಚು ಉದ್ದವಾಗಿತ್ತು. ಬೆಸುಗೆಯ ಹೊಗೆಗೆ ಹಳದಿಗಟ್ಟಿ, ತುದಿ ಸ್ವಲ್ಪ ಬಾಗಿ, ಒಂದು ಮಗ್ಗುಲಲ್ಲಿ ಸೀಳು ಬಿಟ್ಟಿದ್ದ ಉಗುರು. ಟೀವಿಯ ಹಿಂಬದಿ, ರೇಡಿಯೋದ ಮುಚ್ಚಳ, ರಿಮೋಟಿನ ಹೊಟ್ಟೆ ಎಲ್ಲವನ್ನೂ ಅವರು ಅದರಿಂದಲೇ ಮೀಟಿ ಬಿಚ್ಚುತ್ತಿದ್ದರು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅಂಚಿನಲ್ಲಿ ಗಾಯವಾಗುತ್ತದೆ, ಗಿರಾಕಿಯ ಮನಸ್ಸಿಗೆ ಬೇಜಾರಾಗುತ್ತದೆ ಎನ್ನುವುದು ಅವರ ವಾದ. ಅಂಗಡಿಯ ಹಿಂದಿನ ಮನೆಯಿಂದ ಕಾಫಿ ತರುತ್ತಿದ್ದ ಅವರ ಹೆಂಡತಿಗೆ ಮಾತ್ರ ಆ ಉಗುರನ್ನು ಕಂಡರಾಗದು. “ಅನ್ನ ಕಲಸೋ ಕೈಯಲ್ಲ ಅಂತ ಸುಮ್ನಿದೀನಿ. ಇಲ್ದಿದ್ರೆ ಮಲಗಿದ್ದಾಗ ಕತ್ತರಿಸ್ಬುಡ್ತಿದ್ದೆ” ಎಂದು ಗಿರಾಕಿಗಳಾದ ನಮ್ಮೆದುರೇ ಗದರುತ್ತಿದ್ದರು. ಇವರು ಎಡಗೈಯನ್ನು ಮೇಜಿನ ಕೆಳಗೆ ಇಳಿಸುತ್ತಿದ್ದರು.

ತುಮಕೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರದು ಟೀವಿ ರಿಪೇರಿ ಅಂಗಡಿ. ಕುಣಿಗಲ್ಲಿನಲ್ಲಿ ನನ್ನದು ಫೋಟೋ ಸ್ಟುಡಿಯೋ. ತೊಂಬತ್ತರ ದಶಕದ ಮೊದಲಲ್ಲಿ, ಕೆಟ್ಟುಹೋದ ಫ್ಲ್ಯಾಶ್ ಒಂದನ್ನು ಹಿಡಿದು ಮೊದಲ ಸಲ ಅವರಲ್ಲಿಗೆ ಹೋದಾಗ, “ಫ್ಲ್ಯಾಶ್ ಹೋಯ್ತು ಯಜಮಾನ್ರೇ” ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

“ಎಲ್ಲಿಗೋಯ್ತು? ನಿಮ್ ಕೈಯಲ್ಲೇ ಇದೆಯಲ್ಲ.”

ಆ ಅಂಗಡಿಯಲ್ಲಿ ‘ಹೋಯ್ತು’ ಅನ್ನುವ ಹಾಗಿರಲಿಲ್ಲ. “ಅದು ಕೊನೇ ಮಾತು ಕಣ್ರಿ. ನೀವು ಮೊದಲೇ ಅಂದ್ಬಿಟ್ರೆ ನಾನು ಬಿಚ್ಚಿ ನೋಡೋದೇನು? ಏನಾಗ್ತಿದೆ ಅಷ್ಟು ಹೇಳಿ” ಅನ್ನುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ: “ಕೊನೇ ಸಲ ಸರಿಯಾಗಿದ್ದಾಗ ಎಲ್ಲಿತ್ತು?” ಪಕ್ಕದ ಹಳ್ಳಿ ಕೋರದಿಂದ ಟೀವಿ ಹೊತ್ತು ತಂದ ಒಬ್ಬರನ್ನು ಹೀಗೆಯೇ ಕೇಳುತ್ತಾ ಹೋಗಿ, ಅವರ ಮನೆಯವರು ಹಬ್ಬಕ್ಕೆಂದು ಅದನ್ನು ಒದ್ದೆ ಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿದ್ದನ್ನು ಹೊರಡಿಸಿದ್ದು ನನಗೆ ನೆನಪಿದೆ. ಬೈಯಲಿಲ್ಲ. ಮೂರು ದಿನ ಬಿಸಿಲಿಗಿಟ್ಟು ವಾಪಸ್ ಕಳಿಸಿದರು.

ನಾನು ಹುಟ್ಟಾ ಪುಕ್ಕಲ. ತಾಳಿ ಕಟ್ಟುವ ಹೊತ್ತಿಗೆ ಮದುಮಗನ ಕೈಗಿಂತ ನನ್ನ ಕೈ ಹೆಚ್ಚು ನಡುಗುತ್ತಿತ್ತು. ರೀಲಿನ ಕಾಲ ಮುಗಿದು ಡಿಜಿಟಲ್ ಕ್ಯಾಮೆರಾ ಬಂದ ಮೇಲಂತೂ ಫೋಟೋ ನಿಜಕ್ಕೂ ಎಲ್ಲಿ ಇರುತ್ತದೆ ಎನ್ನುವುದೇ ನನಗೊಂದು ದಿಗಿಲು. ಮೆಮೊರಿ ಕಾರ್ಡುಗಳು ಬೇಗ ತುಂಬಿಬಿಡುತ್ತಿದ್ದವು. ಅದಕ್ಕೇ ಮದುವೆಗೆ ಹೋದಾಗ ಮಂಟಪದ ಪಕ್ಕದ ಸ್ಟೂಲಿನ ಮೇಲೆ ಒಂದು ಹಳೆಯ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು, ಕಾರ್ಡು ತುಂಬಿದ ಹಾಗೆಲ್ಲ ಅದಕ್ಕೆ ಸುರಿಯುತ್ತಿದ್ದೆ.

ಗುಬ್ಬಿಯ ಒಂದು ಮದುವೆಯಲ್ಲೂ ಹಾಗೇ ಮಾಡಿದೆ. ಹೆಣ್ಣಿನ ತಂದೆ ಕ್ಯಾಮೆರಾ ಕಂಡರೆ ಮುಖ ತಿರುಗಿಸುವ ಮನುಷ್ಯ. ಆದರೆ ಧಾರೆ ಎರೆಯುವಾಗ ಮಗಳ ಕೈ ಬಿಟ್ಟು ಎಲ್ಲಿಗೆ ತಿರುಗಿಯಾರು? ತಲೆಬಾಗಿ, ತುಟಿ ಕಚ್ಚಿ, ಮಗಳ ಬೊಗಸೆಗೆ ಚೊಂಬು ಬಗ್ಗಿಸುತ್ತಿದ್ದವರನ್ನು ನಾನು ಹಿಡಿದುಬಿಟ್ಟೆ. ಊರಿಗೆ ಬಂದು ಸೀಡಿಗೆ ಹಾಕಿಡಬೇಕಿತ್ತು. ನಾಳೆ ಹಾಕಿದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಅಮೃತೂರಿನಲ್ಲೊಂದು ನಾಮಕರಣ ಬಂತು. ಕಾರ್ಡುಗಳನ್ನು ಅಳಿಸಿ ಅದಕ್ಕೆ ಬಳಸಿದೆ. ಮದುವೆ ಫೋಟೋ ಉಳಿದದ್ದು ಲ್ಯಾಪ್‌ಟಾಪಿನೊಳಗೆ ಮಾತ್ರ.

ಮೂರನೇ ವಾರ ಹುಡುಗಿಯ ಅಣ್ಣ ಫೋನ್ ಮಾಡಿದ. “ಅಪ್ಪ ತೀರ್ಕೊಂಡ್ರು ಸಾರ್. ಮನೇಲಿ ಅವರದು ಒಂದೂ ಫೋಟೋ ಇಲ್ಲ. ಧಾರೆ ಎರೀತಿರೋದನ್ನೇ ದೊಡ್ದು ಮಾಡಿಸಿ ಕೊಡಿ. ನಾಳಿದ್ದು ತಿಥಿ.”

“ತಂದ್ಕೊಡ್ತೀನಪ್ಪ” ಅಂದು ಫೋನಿಟ್ಟು ಲ್ಯಾಪ್‌ಟಾಪ್ ತೆರೆದೆ. ಪರದೆಯ ತುಂಬ ಹಸಿರು, ಬಿಳಿ, ನೇರಳೆ ಗೆರೆಗಳು. ಅವುಗಳ ನಡುವೆ ಅಕ್ಷರಗಳು ಚೂರುಚೂರಾಗಿ ನಡುಗುತ್ತಿದ್ದವು. ಒಂದು ಪದವನ್ನೂ ಓದಲಾಗಲಿಲ್ಲ. ಎರಡು ದಿನದ ಹಿಂದೆ ಒಂದು ಗೆರೆ ಬಂದು ಮಾಯವಾಗಿತ್ತು. ಹಳೇ ಟೀವಿಗೆ ಬಡಿಯುವ ಹಾಗೆ ಎರಡು ತಟ್ಟು ತಟ್ಟಿ ನಾನದನ್ನು ಮರೆತಿದ್ದೆ. ಈಗ ಆರಿಸಿದೆ, ಹಾಕಿದೆ, ದೇವರ ಹೆಸರು ಹೇಳಿ ಮತ್ತೆ ಹಾಕಿದೆ. ಬೀದಿಯ ಕೊನೆಯಲ್ಲಿದ್ದ ಕಂಪ್ಯೂಟರ್ ಅಂಗಡಿಯವನು ನೋಡಿದವನೇ, “ಫಾರ್ಮ್ಯಾಟ್ ಹೊಡೀಬೇಕು ಸಾರ್. ಒಳಗಿರೋದೆಲ್ಲ ಅಳಿಸ್ಹೋಗುತ್ತೆ” ಅಂದ. ಅವನ ಕೈಯಿಂದ ಕಿತ್ತುಕೊಂಡು ತುಮಕೂರಿನ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಪ್ರತಿ ಹಳ್ಳ ಬಂದಾಗಲೂ ಎರಡು ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದೆ. ಹೂವಿನ ಹಾರ ಹಾಕಲು ಫೋಟೋವೇ ಇಲ್ಲದ ತಿಥಿ ಕಣ್ಣ ಮುಂದೆ ಬರುತ್ತಿತ್ತು. ಆ ಮಗಳಿಗೆ ಏನು ಹೇಳುವುದು? ನಿಮ್ಮಪ್ಪನನ್ನು ಅಳಿಸಿ ಯಾರದೋ ಮಗುವಿನ ತೊಟ್ಟಿಲು ತುಂಬಿಕೊಂಡೆ ಅಂತಲೇ?

ಅಂಗಡಿಯ ಮೆಟ್ಟಿಲು ಹತ್ತುತ್ತಲೇ, “ಯಜಮಾನ್ರೇ, ಹೋ...” ಅಂದವನು ನಾಲಿಗೆ ಕಚ್ಚಿಕೊಂಡೆ. “ಸರಿಯಾಗಿ ಕಾಣ್ತಿಲ್ಲ.”

ಅವರು ನಕ್ಕರು. ಕಾಫಿ ತರಿಸಿ, ನಾನು ಕುಡಿಯುವವರೆಗೂ ಲ್ಯಾಪ್‌ಟಾಪ್ ಮುಟ್ಟಲಿಲ್ಲ. “ಇದರ ಒಳಗಿಂದು ನಂಗೆ ಅಷ್ಟಾಗಿ ತಿಳೀದು. ಮುಖ ನೋಡಿದ್ರೆ ಇದೂ ಟೀವೀನೇ. ಕೊನೇ ಸಲ ಸರಿಯಾಗಿದ್ದಾಗ ಎಲ್ಲಿತ್ತು?”

ಗುಬ್ಬಿಯ ಮಂಟಪ, ಸ್ಟೂಲು, ಅಮೃತೂರಿನ ನಾಮಕರಣ, ಆಮೇಲೆ ಬಂದ ಗೆರೆ ಎಲ್ಲವನ್ನೂ ಒಪ್ಪಿಸಿದೆ. ಅವರು ಕೇಳುತ್ತಲೇ ಲ್ಯಾಪ್‌ಟಾಪ್ ಹಾಕಿ, ಪರದೆಯನ್ನು ಮೆಲ್ಲಗೆ ಮುಂದಕ್ಕೆ ಬಗ್ಗಿಸಿದರು, ಹಿಂದಕ್ಕೆ ಒರಗಿಸಿದರು. ಅರ್ಧ ಮುಚ್ಚಿದ ಒಂದು ಜಾಗದಲ್ಲಿ ಗೆರೆಗಳೆಲ್ಲ ಸರಕ್ಕನೆ ಮಾಯವಾಗಿ ಚಿತ್ರ ನಿಚ್ಚಳವಾಯಿತು. ಕೂದಲೆಳೆಯಷ್ಟು ಸರಿಸಿದರೆ ಮತ್ತೆ ಚಿಂದಿ.

“ನೋಡಿದ್ರಾ ಫೋಟೋದವರೇ? ಒಳಗೆ ಎಲ್ಲ ಇದೆ. ದಾರೀಲಿ ಏನೋ ಅಡ್ಡ ಕೂತದೆ.”

ನನಗೆ ನಂಬಿಕೆ ಬರಲಿಲ್ಲ. ಅವರು ಮೂಲೆಯಲ್ಲಿದ್ದ ಕೋಳಿಗೂಡಿನಷ್ಟು ದಪ್ಪದ ಹಳೆಯ ಮಾನಿಟರನ್ನು ತಂದು, ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ, ಚಿತ್ರ ಅದರಲ್ಲಿ ಮೂಡಲೆಂದು ಎರಡು ಬಟನ್ ಒಟ್ಟಿಗೆ ಒತ್ತಿದರು. ಮಾನಿಟರ್ ಕಪ್ಪಾಗಿಯೇ ಇತ್ತು. ಮತ್ತೆ ಒತ್ತಿದರು. ಮೂರನೇ ಸಲಕ್ಕೆ ಮಾನಿಟರ್ ಬೆಳಗಿತು. ಒಂದು ಗೆರೆಯೂ ಇಲ್ಲ. ಹುಡುಕಿ ತೆರೆದೆ: ತಲೆಬಾಗಿದ ತಂದೆ, ಬಗ್ಗಿದ ಚೊಂಬು, ನೀರಿನ ಧಾರೆ. ನಾನು ಅತ್ತುಬಿಟ್ಟೆ, ಅದನ್ನು ಮುಚ್ಚಿಡುವುದೇನೂ ಇಲ್ಲ. ಅವರು ನನ್ನ ಕಡೆ ನೋಡದೆ ಒಂದು ಖಾಲಿ ಸೀಡಿ ಮುಂದೆ ತಳ್ಳಿ, “ಮೊದಲು ಇದಕ್ಕಾಕಿ. ಅಳೋದು ಆಮೇಲೆ” ಅಂದರು.

ಸೀಡಿ ಆದ ಮೇಲೆ ಅವರು ಲ್ಯಾಪ್‌ಟಾಪಿನ ಕೀಲಿನ ಮೇಲಿನ ಪಟ್ಟಿಯನ್ನು ಉಗುರಿನಿಂದಲೇ ಮೀಟಿ ತೆಗೆದರು. ಪರದೆಗೆ ಹೋಗುವ ತೆಳ್ಳನೆಯ ವೈರಿನ ಪಟ್ಟಿ ಅಲ್ಲಿ ಸುತ್ತಿಕೊಂಡಿತ್ತು. ಅದನ್ನು ಒತ್ತಿಕೊಂಡು ಏನೋ ಕೂತಿತ್ತು. ಉಗುರು ತೂರಿಸಿ, ಎತ್ತಿ, ಬೆಳಕಿಗೆ ಹಿಡಿದರು. ಅರಿಸಿನ ಹಚ್ಚಿದ ಒಂದು ಅಕ್ಕಿಕಾಳು.

ಅಕ್ಷತೆ. ಗಟ್ಟಿಮೇಳ ಮೊಳಗಿದಾಗ ಛತ್ರವೆಲ್ಲ ಎದ್ದು ನಿಂತು ಮಂಟಪದ ಕಡೆ ಎರಚಿದಾಗ ನಾನು ಕ್ಯಾಮೆರಾಕ್ಕೆ ಕರವಸ್ತ್ರ ಮುಚ್ಚಿದ್ದೆ, ಲ್ಯಾಪ್‌ಟಾಪ್ ಬಾಯಿ ತೆರೆದುಕೊಂಡೇ ಇತ್ತು. ತೆರೆದು ಮುಚ್ಚಿದ ಹಾಗೆಲ್ಲ ಕಾಳು ಒಳಗೊಳಗೆ ಸರಿದಿದೆ.

“ಮದುಮಗಳ ತಲೆ ಮೇಲೆ ಬೀಳ್ಬೇಕಾಗಿದ್ದು” ಅಂದರು ಅವರು. “ಅವಳಿಗೇ ತಲುಪಿಸ್ಬುಡಿ. ಈಗ ಒಂದು ಫೋಟೋ ಹೊಡ್ದು ಇದಕ್ಕಾಕಿ, ಬಣ್ಣ ಸರಿಯಾಗಿ ಬರ್ತದಾ ನೋಡೋಣ.”

ಕಾಳನ್ನು ಉಗುರಿನ ತುದಿಯಲ್ಲಿ ಹಿಡಿದುಕೊಂಡೇ ಅವರು ಎದುರಿಗಿದ್ದರು, ಹೆಗಲಲ್ಲಿದ್ದ ಕ್ಯಾಮೆರಾ ತೆಗೆದು ಅವರನ್ನೇ ಹೊಡೆದೆ. ನನ್ನ ಕೈ ಇನ್ನೂ ಹತೋಟಿಗೆ ಬಂದಿರಲಿಲ್ಲ. ಫೋಕಸ್ ಉಗುರಿಗೂ ಕಾಳಿಗೂ ಕೂತು, ಹಿಂದಿದ್ದ ನಗುಮುಖ ಮಸುಕಾಯಿತು. ನೋಡಿ ಅವರು, “ಉಗುರಿಗೂ ಒಂದು ಫೋಟೋ ಆಯ್ತು ಬುಡಿ” ಅಂದರು.

ತಿಥಿಯ ಬೆಳಿಗ್ಗೆಯೇ ಗುಬ್ಬಿಗೆ ಫೋಟೋ ತಲುಪಿಸಿದೆ. ಮಗಳು ಅದರ ಮುಂದೆ ನಿಂತು, ಚೊಂಬು ಹಿಡಿದ ಅಪ್ಪನ ಕೈಯನ್ನು ಗಾಜಿನ ಮೇಲೆಯೇ ಸವರಿದಳು. ಅಕ್ಷತೆ ಕಾಳನ್ನು ನಾನು ಕೊಡಲಿಲ್ಲ. ಕೊಟ್ಟಿದ್ದರೆ ನನ್ನ ಬೇಜವಾಬ್ದಾರಿಯನ್ನೆಲ್ಲ ಹೇಳಬೇಕಾಗುತ್ತಿತ್ತು, ಅಷ್ಟು ಧೈರ್ಯ ಇರಲಿಲ್ಲ. ಅದು ನನ್ನ ಕ್ಯಾಮೆರಾ ಬ್ಯಾಗಿನಲ್ಲೇ ಉಳಿಯಿತು.

ಮೂರು ವರ್ಷದ ಮೇಲೆ ಒಂದು ಮಧ್ಯಾಹ್ನ ಯಜಮಾನರ ಹೆಂಡತಿಯ ಫೋನು. “ಅವರು ಹೋಗ್ಬುಟ್ರಪ್ಪ.” ಆ ಅಂಗಡಿಯಲ್ಲಿ ಯಾರೂ ಆಡಬಾರದಿದ್ದ ಮಾತು. “ಎಲ್ಲರ ಮನೆ ಟೀವಿಲೂ ಮುಖ ತರಿಸ್ದೋರದು ಒಂದು ಫೋಟೋ ಇಲ್ಲ ನಮ್ಮನೇಲಿ. ನಿನ್ನತ್ರ ಇದ್ದಾತಾ?”

ಹದಿನೈದು ವರ್ಷಕ್ಕೂ ಮಿಕ್ಕಿ ಅವರೆದುರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಕೂತಿದ್ದೇನೆ, ನೆಟ್ಟಗೆ ಒಂದು ಫೋಟೋ ತೆಗೆದಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹಳೆಯ ಸೀಡಿಗಳನ್ನೆಲ್ಲ ಜಾಲಾಡಿದಾಗ ಸಿಕ್ಕಿದ್ದು ಆ ಒಂದೇ ಒಂದು. ಉಗುರು ನಿಚ್ಚಳ, ಮುಖ ಮಸುಕು. ಏನು ಮಾಡಿದರೂ ಮುಖ ತಿಳಿಯಾಗಲಿಲ್ಲ. ಹಾಗೆಯೇ ಪ್ರಿಂಟ್ ಹಾಕಿಸಿ ತುಮಕೂರಿಗೆ ಹೋಗಿ, ತಲೆ ತಗ್ಗಿಸಿ ಅವರ ಕೈಗಿಟ್ಟೆ. “ಅಮ್ಮ, ಮುಖ ಸರಿಯಾಗಿ ಬಂದಿಲ್ಲ.”

ಅವರು ಕಣ್ಣೊರೆಸಿಕೊಂಡು, ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

“ಇವರೇ ಕಣಪ್ಪ. ಉಗುರು ಕಾಣ್ತಿಲ್ವಾ?”