ತಣ್ಣಗಿನ ಲೀಟರ್

ಆರು ಸಾವಿರ ಲೀಟರ್ ಎಲ್ಲಿಂದ ಬಂತು? ಟೇಪು ಓರೆಯಾಗಿ ಇಳಿಯಿತೇ? ಕನ್ನಡಕದ ಕೆಳಗಿನ ಗಾಜಿನಿಂದ ನೋಡುವ ಬದಲು ಮೇಲಿನದರಿಂದ ನೋಡಿಬಿಟ್ಟರೇ? ಎರಡನೇ ಸಲ ಇಳಿಬಿಟ್ಟಾಗಲೂ ಅದೇ ಅಂಕಿ. ಮೂರನೇ ಸಲವೂ ಅದೇ. ಹಾಗಾದರೆ ತಪ್ಪು ಕೆಳಗಿರುವ ಮೀಟರಿನದು. ಅಥವಾ ಇಲ್ಲಿ ಯಾರದೂ ತಪ್ಪೇ ಇಲ್ಲವೇ?

ಬೆಳಗಿನ ಐದೂಮುಕ್ಕಾಲು. ಜೈವಿಕ ಇಂಧನ ತಯಾರಿಸುವ ಕಾರ್ಖಾನೆಯೊಂದರ ಹಿಂಭಾಗ. ಮೂವತ್ತಾರು ಮೆಟ್ಟಿಲ ಕಬ್ಬಿಣದ ಏಣಿ ಹತ್ತಿ ಅವರು ಟ್ಯಾಂಕಿನ ನೆತ್ತಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ವಯಸ್ಸು ಐವತ್ತೊಂಬತ್ತು. ಎಡ ಮಂಡಿಗೆ ಪಟ್ಟಿ. ಕೈಯಲ್ಲಿ ತುದಿಗೆ ಹಿತ್ತಾಳೆಯ ಗುಂಡು ಕಟ್ಟಿದ ಉಕ್ಕಿನ ಟೇಪು, ಜೇಬಿನಲ್ಲಿ ಹಳೆಯ ಕಾಲುಚೀಲದೊಳಗೆ ತೂರಿಸಿಟ್ಟ ಥರ್ಮಾಮೀಟರ್. ಟ್ಯಾಂಕಿನ ಬಾಯಿಂದ ಟೇಪು ಇಳಿಬಿಟ್ಟು, ಎಣ್ಣೆ ಮುಟ್ಟಿದ ಗುರುತು ಓದಿ, ಆ ಟ್ಯಾಂಕಿನದೇ ಆದ ಕೋಷ್ಟಕ ನೋಡಿ ಲೀಟರಿಗೆ ತಿರುಗಿಸಬೇಕು. ಟ್ಯಾಂಕು ಹೇಳುತ್ತಿರುವುದು ನಾಲ್ಕು ಲಕ್ಷದ ಆರು ಸಾವಿರ. ಅದನ್ನು ತುಂಬಿಸಿದ ಮೀಟರ್ ಹೇಳುತ್ತಿರುವುದು ಬರೀ ನಾಲ್ಕು ಲಕ್ಷ.

“ಏನ್ ಸಾರ್, ತಿಂಡಿ ಮೇಲಕ್ಕೇ ಕಳಿಸ್ಲಾ?” ಕೆಳಗಿನಿಂದ ಪಂಪಿನ ಆಪರೇಟರ್ ಕೂಗುತ್ತಾನೆ.

“ನಿನ್ನ ಮೀಟರ್ ಕಡಿಮೆ ತೋರಿಸ್ತಿದೆಯಲ್ಲಪ್ಪ!”

“ಅದು ಕಡಿಮೆ ತೋರಿಸಲ್ಲ ಸಾರ್. ಎಣ್ಣೆ ಬಿಸಿ ಇದ್ರೆ ಉಬ್ಬತ್ತಲ್ಲ, ಆ ಉಬ್ಬನ್ನ ಕಳೆದು ತೋರಿಸತ್ತೆ. ಹದಿನೈದು ಡಿಗ್ರಿಲಿ ಎಷ್ಟಿರತ್ತೋ ಅಷ್ಟು. ನಮ್ಮಲ್ಲಿಗೆ ಅಗ್ಗದ ಎಣ್ಣೆ ಕಳಿಸತ್ತಲ್ಲ, ಆ ಚಳಿದೇಶದಿಂದ ತರಿಸಿದ ಮೀಟರು. ಅಲ್ಲಿ ಕಾನೂನೇ ಹಾಗಂತೆ, ಬೇರೆ ಥರದ್ದು ಇಟ್ಟು ಎಣ್ಣೆ ಮಾರೋ ಹಾಗೇ ಇಲ್ಲ. ತಣ್ಣಗಿನ ಲೀಟರ್ ಸಾರ್ ಅದು.”

ಟೇಪನ್ನು ಒರೆಸುತ್ತಿದ್ದ ಬಟ್ಟೆ ಕೈಯಲ್ಲೇ ನಿಲ್ಲುತ್ತದೆ. ಈ ಮಾತನ್ನು ಅವರು ಮೊದಲೂ ಒಮ್ಮೆ ಕೇಳಿದ್ದಾರೆ. ಐದು ವರ್ಷದ ಹಿಂದೆ, ಒಬ್ಬ ಹೆಂಗಸಿನ ಬಾಯಲ್ಲಿ, ಜನ ತುಂಬಿದ ಸಭಾಂಗಣದಲ್ಲಿ.

ಆಮದು ಸುಂಕದ ತನಿಖೆ ನಡೆಸುವ ಸರಕಾರಿ ಕಚೇರಿಯಲ್ಲಿ ಅವರನ್ನು ಎಲ್ಲರೂ ಲೀಟರಪ್ಪ ಅನ್ನುತ್ತಾರೆ. ಎದುರಿಗೇ ಅನ್ನುತ್ತಾರೆ, ಅವರೂ ಓಗೊಡುತ್ತಾರೆ. ಹುದ್ದೆ ಹಿರಿಯ ಪರಿಶೀಲನಾ ಸಹಾಯಕ. ಸೇವೆ ಇಪ್ಪತ್ತೊಂಬತ್ತು ವರ್ಷ. ಕೆಲಸವೇನೆಂದು ಕೇಳಿದರೆ ಒಂದು ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ: “ಹೊರದೇಶದವರು ತಮ್ಮೂರಲ್ಲಿ ನೂರಕ್ಕೆ ಮಾರೋ ಇಂಧನಾನ ನಮ್ಮಲ್ಲಿ ಎಂಬತ್ತಕ್ಕೆ ತಂದು ಸುರಿದ್ರೆ ನಮ್ಮ ಕಾರ್ಖಾನೆ ಮುಚ್ಚತ್ತೆ. ಅದನ್ನ ತಡೆಯೋಕೆ ಒಂದು ಸುಂಕ. ಆ ಸುಂಕ ಇನ್ನೂ ಬೇಕಾ ಬೇಡ್ವಾ ಅಂತ ಐದು ವರ್ಷಕ್ಕೊಂದ್ಸಲ ನೋಡ್ತೀವಿ. ನೋಡೋರು ದೊಡ್ಡೋರು. ಅವರು ನೋಡೋ ಅಂಕಿ ಸರಿ ಇದ್ಯಾ ಅಂತ ನೋಡೋದು ನಾನು.”

ಹೀಗೆ ಸುರಿಯುವುದನ್ನು ತಡೆಯುವ ಈ ಡಂಪಿಂಗ್ ವಿರೋಧಿ ಸುಂಕದ ಅಂತಿಮ ಆದೇಶ ನೂರಾರು ಪುಟದ್ದು. ಅದರಲ್ಲಿ ಅವರ ಹೆಸರು ಎಲ್ಲೂ ಇರುವುದಿಲ್ಲ. ಈ ಸಲದ ಮರುಪರಿಶೀಲನೆಯಲ್ಲಿ ಹೊರದೇಶದ ಹನ್ನೊಂದು ಕಾರ್ಖಾನೆಗಳಿಗೆ ತೊಂಬತ್ತನಾಲ್ಕು ಪುಟದ ಪ್ರಶ್ನಾವಳಿ ಹೋಗಿತ್ತು. ಹತ್ತು ಉತ್ತರ ಬಂದವು. ಒಂದೊಂದಕ್ಕೂ ಎರಡು ಪ್ರತಿ, ಒಂದು ಗುಟ್ಟಿನದು, ಇನ್ನೊಂದು ಅಂಕಿಗಳ ಜಾಗದಲ್ಲಿ ನಕ್ಷತ್ರ ಹಾಕಿದ, ಯಾರು ಬೇಕಾದರೂ ಓದಬಹುದಾದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ಹೋಲಿಸಬೇಕು. ದಿನಕ್ಕೆ ನೂರ ನಲವತ್ತು ಬಿಲ್ಲು ನೋಡುತ್ತಾರೆ. ಅದಕ್ಕಿಂತ ಹೆಚ್ಚು ನೋಡಿದರೆ ನೋಡಿದ್ದು ನೋಡಿದ ಹಾಗಲ್ಲ ಎಂಬುದು ಅವರ ಎಣಿಕೆ.

ಉತ್ತರ ಬಾರದ ಹನ್ನೊಂದನೇ ಕಾರ್ಖಾನೆಗೂ ಒಂದು ಕಡತವಿದೆ. ಅದರೊಳಗೆ ಅಂಚೆಯ ರಸೀದಿ ಮಾತ್ರ. ಆ ಕಡತ ಕೆಂಪು ದಾರದಿಂದ ಕಟ್ಟಿಸಿಕೊಂಡು ಕಪಾಟಿನ ಕೊನೆಯಲ್ಲಿ ತೆಳ್ಳಗೆ ನಿಂತಿದೆ. ಕಾನೂನಿನಲ್ಲಿ ಅದಕ್ಕೊಂದು ಅರ್ಥವಿದೆ. ಉತ್ತರ ಕೊಡದವರು ಸಹಕರಿಸದವರು, ಅವರ ಮೇಲಿನ ಸುಂಕ ಮುಂದುವರಿಯುತ್ತದೆ.

ನಮ್ಮ ಕಾರ್ಖಾನೆಗಳಿಗೆ ಪೆಟ್ಟು ಬಿದ್ದಿದೆಯೇ ಎಂದು ತಿಳಿಯಲು ಅವುಗಳ ದಾಸ್ತಾನನ್ನೂ ಅಳೆಯಬೇಕು. ಟ್ಯಾಂಕು ಅಳೆಯಲು ಮುಂಜಾನೆಯೇ ಆಗಬೇಕು. ಬಿಸಿಲು ಬಿದ್ದರೆ ಟ್ಯಾಂಕಿನ ಒಂದು ಮಗ್ಗುಲು ಕಾದು ಇನ್ನೊಂದು ತಂಪಾಗಿರುತ್ತದೆ, ಎಣ್ಣೆ ಒಳಗೇ ಹೊರಳುತ್ತದೆ, ಥರ್ಮಾಮೀಟರು ಇಳಿಸಿದ ಕಡೆಗೆಲ್ಲ ಒಂದೊಂದು ಮಾತು ಹೇಳುತ್ತದೆ. ಕಾರ್ಖಾನೆಯವರು ಕೊಡುವ ಪಟ್ಟಿಯನ್ನೇ ನಂಬಿ ಸಹಿ ಹಾಕುವ ಸಹಾಯಕರಿದ್ದಾರೆ. ಇವರು ಏಣಿ ಹತ್ತುತ್ತಾರೆ. ಅವರ ತಂದೆ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ರಿಪೇರಿ ಮಾಡುತ್ತಿದ್ದವರು. “ಮುಳ್ಳು ನಿಂತ ಮೇಲೆ ನೋಡೋ, ಓಡ್ತಿರೋವಾಗ ನೋಡ್ಬೇಡ ಅನ್ನೋರು ಅಪ್ಪ. ನಾನು ಮಾಡ್ತಿರೋದೂ ಅದೇ. ತಕ್ಕಡಿ ಸ್ವಲ್ಪ ದೊಡ್ಡದು, ಅಷ್ಟೇ.”

ಮನೆಯಲ್ಲಿ ಈ ಕೆಲಸಕ್ಕೆ ಅಂಥ ಮರ್ಯಾದೆಯೇನೂ ಇಲ್ಲ. ಶರಟು ಹಿತ್ತಿಲ ಬಾಗಿಲಲ್ಲೇ ಕಳಚಿಟ್ಟು ಒಳಗೆ ಬರಬೇಕೆಂಬುದು ಹೆಂಡತಿಯ ಆಜ್ಞೆ. “ಇಪ್ಪತ್ತೊಂಬತ್ತು ವರ್ಷದಿಂದ ಕರಿದೆಣ್ಣೆ ವಾಸನೆ ಒಗೀತಾ ಇದ್ದೀನಿ” ಅನ್ನುತ್ತಾರೆ ಆಕೆ. “ಲೋಕದ ಟ್ಯಾಂಕೆಲ್ಲ ಅಳೀತಾರೆ ಇವರು. ಮನೇಲಿ ಎಣ್ಣೆ ಮುಗಿದಿದೆ ಅಂತ ಮಾತ್ರ ನಾನೇ ಹೇಳ್ಬೇಕು.” ಥರ್ಮಾಮೀಟರಿಗೆ ಕಾಲುಚೀಲ ಕೊಟ್ಟವರೂ ಆಕೆಯೇ. ಜೋಡಿಯ ಇನ್ನೊಂದು ಕಳೆದುಹೋಗಿತ್ತಂತೆ.

ಐದು ವರ್ಷದ ಹಿಂದಿನ ಆ ಸಭೆಯನ್ನು ಅವರು ಈಗ ಹೇಳುವಾಗ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಚಳಿದೇಶದ ಸಣ್ಣ ಕಾರ್ಖಾನೆಯೊಂದರ ಒಡತಿ ತಾನೇ ಬಂದಿದ್ದರು. ಬೇರೆಯವರೆಲ್ಲ ವಕೀಲರನ್ನು ಕಳಿಸಿದ್ದರು. ಸ್ವದೇಶದ ಬೆಲೆಗೂ ರಫ್ತಿನ ಬೆಲೆಗೂ ಇರುವ ಅಂತರ ನೂರಕ್ಕೆ ಎರಡಕ್ಕಿಂತ ಕಡಿಮೆಯಾದರೆ ಆ ಕಾರ್ಖಾನೆಗೆ ಸುಂಕವಿಲ್ಲ. ಆಕೆಯ ಅಂತರ ಎರಡು ಪಾಯಿಂಟ್ ಆರು ಎಂದು ಲೆಕ್ಕ ಬಂದಿತ್ತು. ಲೆಕ್ಕ ಮಾಡಿದ್ದು ಇವರು. ಆಕೆ ತಮ್ಮೂರಲ್ಲಿ ಲೀಟರಿನಲ್ಲಿ ಮಾರುತ್ತಾರೆ, ರಫ್ತು ಟನ್ನಿನಲ್ಲಿ. ಎರಡನ್ನೂ ಒಂದೇ ಅಳತೆಗೆ ತರಲು ಇವರು ಕಚೇರಿಯ ಗೋಡೆಯ ಮೇಲಿದ್ದ ಪಟ್ಟಿಯನ್ನು ಬಳಸಿದರು: ಲೀಟರಿಗೆ ಎಂಟುನೂರ ಅರವತ್ತೇಳು ಗ್ರಾಂ. ನಮ್ಮ ಟ್ಯಾಂಕುಗಳ ಮೂವತ್ತೆರಡು ಡಿಗ್ರಿ ಬಿಸಿಗೆ ಅದು ಸರಿ. ಎಲ್ಲ ಕಾರ್ಖಾನೆಗೂ, ಎಲ್ಲ ದೇಶಕ್ಕೂ ಆ ಪಟ್ಟಿಯನ್ನೇ ಬಳಸುವುದು ಹಿಂದಿನಿಂದ ಬಂದ ರೂಢಿ.

ಆಕೆ ಎದ್ದು ನಿಂತು, “ನಮ್ಮದು ತಣ್ಣಗಿನ ಲೀಟರ್. ಅದರ ತೂಕ ಜಾಸ್ತಿ” ಅಂದರು. ಸ್ವದೇಶಿ ಕಾರ್ಖಾನೆಗಳ ವಕೀಲರು ಕೂತಲ್ಲಿಂದಲೇ, “ಹಾಗಾದ್ರೆ ಫ್ರಿಜ್ಜಲ್ಲಿಟ್ಟು ಮಾರ್ತೀರೇನಮ್ಮ?” ಅಂದರು. ಇಡೀ ಸಭೆ ನಕ್ಕಿತು.

“ನಾನೂ ನಕ್ಕೆ” ಅನ್ನುತ್ತಾರೆ ಲೀಟರಪ್ಪ.

ಆಕೆಯ ಕೈಯಲ್ಲಿ ಒಂದು ಕಾಗದವಿತ್ತು. ನಗು ನಿಲ್ಲುವವರೆಗೆ ಹಿಡಿದುಕೊಂಡಿದ್ದು, ಆಮೇಲೆ ಅದನ್ನು ಮಡಿಸಿ ಚೀಲದೊಳಗೆ ಇಟ್ಟುಕೊಂಡರು. ಸಭೆಯ ನಡಾವಳಿಯಲ್ಲಿ ಇವರು ಬರೆದದ್ದು ಎರಡೇ ಪದ: ಪುರಾವೆ ಒದಗಿಸಿಲ್ಲ. ಸುಂಕ ಬಿತ್ತು. ಸುಂಕಕ್ಕಿಂತ ಹೆಚ್ಚು ಹೊಡೆತ ಸುಂಕ ಬಿದ್ದವರ ಪಟ್ಟಿಯಲ್ಲಿ ಹೆಸರು ಬಂದದ್ದು. ಪಟ್ಟಿಯಲ್ಲಿರುವ ಕಾರ್ಖಾನೆಯ ಇಂಧನವನ್ನು ಆಮದುದಾರರು ಮೂಸಿಯೂ ನೋಡುವುದಿಲ್ಲ. ಈ ಸಲ ಪ್ರಶ್ನಾವಳಿಗೆ ಉತ್ತರ ಕಳಿಸದ ಹನ್ನೊಂದನೆಯವರು ಆಕೆಯೇ.

ಟ್ಯಾಂಕಿನಿಂದ ಇಳಿದ ಬೆಳಿಗ್ಗೆ ಅವರು ಮೀಟರಿನ ತಗಡಿನ ಮೇಲಿದ್ದ ಬರಹವನ್ನು ಅಕ್ಷರ ಬಿಡದೆ ಚೀಟಿಯೊಂದರಲ್ಲಿ ಬರೆದುಕೊಂಡರು. ತಣ್ಣಗಿನ ಲೀಟರ್ ಎಂಟುನೂರ ಎಂಬತ್ತು ಗ್ರಾಂ ತೂಗುತ್ತದೆ. ಹಾಗೆ ಲೆಕ್ಕ ಹಾಕಿದರೆ ಆಕೆಯ ಅಂತರ ಎರಡು ಪಾಯಿಂಟ್ ಆರಲ್ಲ, ಒಂದು ಪಾಯಿಂಟ್ ಒಂದು. ಸುಂಕ ಬೀಳಲೇಬಾರದಿತ್ತು. ಚೀಟಿ ಮೂರು ದಿನ ಜೇಬಿನಲ್ಲಿತ್ತು. ಆ ಮೂರು ದಿನ ಅವರು ಬಿಲ್ಲು ನೋಡಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ನಿವೃತ್ತಿಗೆ ಏಳು ತಿಂಗಳಿತ್ತು, ಕೊನೆಯ ಬಡ್ತಿಯ ಕಡತ ಮೇಲೆ ಹೋಗಿತ್ತು. ಆ ಹಳೆಯ ಲೆಕ್ಕವನ್ನು ಮತ್ತೆ ತೆರೆದು ನೋಡುವವರು ಪ್ರಪಂಚದಲ್ಲಿ ಯಾರೂ ಇರಲಿಲ್ಲ.

ಮೊದಲು ಹೇಳಿದ್ದು ಹೆಂಡತಿಗೆ. ಆಕೆ ತರಕಾರಿ ಹೆಚ್ಚುತ್ತಿದ್ದರು.

“ಒಂದು ತಪ್ಪಾಗಿದೆ ಕಣೇ.”

“ಎಷ್ಟರದ್ದು?”

“ಹದಿನೇಳು ಲೀಟರ್.”

“ಅಷ್ಟಕ್ಕೆ ಮೂರು ದಿನದಿಂದ ಮುಖ ಹೀಗಿಟ್ಕೊಂಡಿದ್ದೀರಾ? ನಮ್ಮ ಸ್ನಾನದ ಮನೆ ನಲ್ಲೀಲಿ ಅದಕ್ಕಿಂತ ಜಾಸ್ತಿ ಸೋರತ್ತೆ.”

“ಒಂದು ಟನ್ನಿಗೆ ಹದಿನೇಳು. ಐದು ವರ್ಷದಿಂದ.”

ಆಕೆ ಚಾಕು ಕೆಳಗಿಟ್ಟರು. “ಯಾರಿಗೆ ಹೊಡೀತು?” ಎಂದು ಕೇಳಿದರು. ಅವರು ಹೇಳಿದರು. ಆಮೇಲೆ ಆಕೆ, “ಬಡ್ತಿ ಬಂದ್ರೆ ನಲ್ಲಿ ರಿಪೇರಿ ಮಾಡ್ಸೋಣ ಅಂದಿದ್ರಿ. ಹೋಗ್ಲಿ, ಬಕೆಟ್ ಇಡ್ತೀನಿ” ಅಂದು ಮತ್ತೆ ಹೆಚ್ಚತೊಡಗಿದರು.

ಮರುದಿನ ನಿರ್ದೇಶಕರ ಕೋಣೆ. ನಿರ್ದೇಶಕರು ಇವರಿಗಿಂತ ಹದಿನೈದು ವರ್ಷ ಚಿಕ್ಕವರು. ಇವರು ಇಟ್ಟ ಎರಡು ಪುಟದ ಟಿಪ್ಪಣಿಯನ್ನು ಎರಡು ಸಲ ಓದಿದರು.

“ಆಯಮ್ಮ ಈ ಸಲ ಉತ್ತರಾನೇ ಕೊಟ್ಟಿಲ್ವಲ್ರೀ. ಯಾರೂ ಕೇಳದೇ ಇರೋದನ್ನ ನೀವ್ಯಾಕೆ ಕೆದಕ್ತೀರಿ?”

“ಲೆಕ್ಕ ನಂದು ಸಾರ್.”

“ಪಟ್ಟಿ ಕಚೇರೀದು. ರೂಢಿ ಕಚೇರೀದು ಅಂತ ಬರೀರಿ, ಸಾಕು.”

“ಪಟ್ಟಿ ಕಚೇರೀದೇ ಸಾರ್. ಆದ್ರೆ ಪಟ್ಟಿ ನೋಡಿ ಹಾಕಿದ್ದು ನನ್ನ ಕೈ.”

“ಮೆಮೊ ಕೊಡ್ಬೇಕಾಗತ್ತೆ ನಾನು. ಹೋಗೋ ಕಾಲಕ್ಕೆ ಬೇಕಾ ಇದೆಲ್ಲ?”

“ಕೊಡಿ ಸಾರ್. ಉತ್ತರ ಬರೆಯೋಕೆ ಏಳು ತಿಂಗಳಿದೆ.”

ನಿರ್ದೇಶಕರಿಗೆ ನಗು ಬಂತು. ನಕ್ಕು, ಟಿಪ್ಪಣಿಗೆ ಸಹಿ ಹಾಕಿ, ಮೆಮೊವನ್ನೂ ಕೊಟ್ಟರು. ಬಡ್ತಿಯ ಕಡತ ಹೋದ ದಾರಿಯಲ್ಲೇ ಹಿಂದಕ್ಕೆ ಬಂತು.

ತಿದ್ದಿದ ಲೆಕ್ಕವನ್ನು ನಿಯಮದಂತೆ ಎಲ್ಲರಿಗೂ ಕಳಿಸಲಾಯಿತು. ಕಚೇರಿಯ ಸಿಬ್ಬಂದಿ ಪ್ರಕರಣದ ಯಾವುದೇ ಪಕ್ಷದವರೊಂದಿಗೆ ಕಡತದ ಹೊರಗೆ ಮಾತಾಡುವಂತಿಲ್ಲ, ಫೋನು ಮಾಡುವಂತಿಲ್ಲ, ಪತ್ರ ಬರೆಯುವಂತಿಲ್ಲ. ಹಾಗಾಗಿ ಆ ಲಕೋಟೆಯೊಂದಿಗೆ ಇನ್ನೇನೂ ಹೋಗಲಿಲ್ಲ. ಕಾರ್ಖಾನೆ ಇದೆಯೋ ಮುಚ್ಚಿದೆಯೋ ಯಾರಿಗೂ ಗೊತ್ತಿರಲಿಲ್ಲ.

ಅಂತಿಮ ವಿಚಾರಣೆಯ ದಿನ ಬಾಗಿಲ ಬಳಿ ಹಾಜರಿ ಪುಸ್ತಕ ಇಟ್ಟುಕೊಂಡು ಕೂರುವುದೂ ಲೀಟರಪ್ಪನವರ ಪಾಲಿನ ಕೆಲಸವೇ. ಅಲ್ಲಿ ನಡೆದದ್ದನ್ನು ಅವರು ಹೇಳುವುದಿಲ್ಲ. ಹೇಳಿದವರು ಪಕ್ಕದ ಕುರ್ಚಿಯಲ್ಲಿದ್ದ ಶೀಘ್ರಲಿಪಿಗಾರ್ತಿ. ಆಕೆಗೆ ಕೇಳಿದ್ದನ್ನು ಕೇಳಿದ ಹಾಗೇ ಹೇಳುವುದು ವೃತ್ತಿಯಿಂದ ಬಂದ ಅಭ್ಯಾಸ.

ಆ ದಿನ ಹತ್ತಕ್ಕೆ ಐದು ನಿಮಿಷ ಇರುವಾಗ ಆ ಹೆಂಗಸು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚೀಲ ಮಾತ್ರ ಹಳೆಯದೇ. ಕಾರ್ಖಾನೆ ಇನ್ನೂ ನಡೆಯುತ್ತಿದೆ, ಮೂರು ಪಾಳಿಯಲ್ಲಿ ಈಗ ಉಳಿದಿರುವುದು ಒಂದೇ ಎಂದು ಆಮೇಲೆ ಒಳಗೆ ಸಭೆಗೆ ತಿಳಿಸಿದರು. ಬಾಗಿಲಲ್ಲಿ ಮಾತ್ರ ಅದೇನೂ ಹೇಳಲಿಲ್ಲ. ಲೀಟರಪ್ಪ ಪುಸ್ತಕ ತಿರುಗಿಸಿ, ಪೆನ್ನು ಕೊಟ್ಟು, “ಇಲ್ಲಿ ಸಹಿ ಮಾಡಿ” ಅಂದರು.

ಸಹಿ ಮಾಡುತ್ತಾ ಆಕೆ ಕೇಳಿದರು, “ಈ ಸಲ ಹದಿನೈದು ಡಿಗ್ರಿ ಲೀಟರ್ ಹಾಕಿದ್ದಾರಲ್ಲ. ಯಾರು ಕಂಡುಹಿಡಿದಿದ್ದು?”

“ಕಚೇರಿ” ಅಂದರು ಲೀಟರಪ್ಪ.

“ಕಚೇರಿಯವರಿಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳಿ.”

“ಹೇಳ್ತೀನಮ್ಮ.”

ಆಕೆ ಒಳಗೆ ಹೋಗಿ ಮೂರನೇ ಸಾಲಿನಲ್ಲಿ ಕೂತರು. ಹಳೆಯ ಸುಂಕವೇ ತಪ್ಪೆಂದಾದ ಮೇಲೆ ಉತ್ತರ ಕೊಡದ ಮಾತು ಉಳಿಯಲಿಲ್ಲ. ಆದೇಶ ಬಂದಾಗ ಸುಂಕದ ಪಟ್ಟಿಯಲ್ಲಿ ಹತ್ತು ಹೆಸರಿದ್ದವು, ಆಕೆಯದಿರಲಿಲ್ಲ.

ನಿವೃತ್ತಿಗೆ ಇನ್ನು ಎರಡು ತಿಂಗಳಿದೆ. ಈಗಲೂ ಅವರು ಮುಂಜಾನೆ ಏಣಿ ಹತ್ತುತ್ತಾರೆ. ಕಚೇರಿಯ ಗೋಡೆಯ ಪಟ್ಟಿಗೆ ಎರಡನೇ ಕಾಲಂ ಬಂದಿದೆ. ಮೇಲೆ ನೀಲಿ ಶಾಯಿಯಲ್ಲಿ, ಅವರದೇ ದುಂಡು ಅಕ್ಷರದಲ್ಲಿ, ‘ಯಾವ ಡಿಗ್ರಿ? ಮೊದಲು ಕೇಳಿ’ ಎಂದಿದೆ. ತಮ್ಮ ಜಾಗಕ್ಕೆ ಬರುವವರು ಅದನ್ನು ಸುಣ್ಣ ಹೊಡೆಯುವಾಗ ಕಿತ್ತುಹಾಕದಿದ್ದರೆ ಸಾಕು, ಬೇರೇನೂ ಬೇಡ ಅನ್ನುತ್ತಾರೆ. ಸ್ನಾನದ ಮನೆಯ ಬಕೆಟ್ಟನ್ನು ಬೆಳಿಗ್ಗೆ ಖಾಲಿ ಮಾಡುವುದು ಈಗ ಅವರ ಪಾಲಿಗೆ ಬಂದಿದೆ. ರಾತ್ರಿಗೆ ಹತ್ತೊಂಬತ್ತು ಲೀಟರ್, ಅಳೆದಿದ್ದಾರೆ.

ಟಿಪ್ಪಣಿಯಲ್ಲಿ ಅವರು ಎಲ್ಲವನ್ನೂ ಬರೆದಿದ್ದಾರೆ: ಪಟ್ಟಿ, ಡಿಗ್ರಿ, ಹದಿನೇಳು ಲೀಟರ್, ತಮ್ಮ ಹುದ್ದೆ, ತಮ್ಮ ಸಹಿ. ಆ ಟಿಪ್ಪಣಿ ಗುಟ್ಟಿನ ಕಡತದಲ್ಲಿದೆ, ಪಕ್ಷದವರು ಅದನ್ನು ಓದುವಂತಿಲ್ಲ. ತಪ್ಪು ನನ್ನದು ಎಂದು ಆ ಹೆಂಗಸಿಗೆ ಅವರು ಹೇಳಲಿಲ್ಲ.