ಎಡಗಡೆಯ ಹಾಲು

ಹೆರಿಗೆ ರಜೆ ಮುಗಿಸಿ ಮತ್ತೆ ಶಾಲೆಗೆ ಹೋಗತೊಡಗಿದಾಗ ಮಗಳು ಇನ್ನೂ ಬೋರಲು ಬೀಳುವುದನ್ನೂ ಕಲಿತಿರಲಿಲ್ಲ. ತೊಂಬತ್ತರ ದಶಕದ ನಡುವಿನ ಮಾತು. ನನಗೆ ಉಮ್ಮತ್ತೂರಿನ ಪ್ರಾಥಮಿಕ ಶಾಲೆಯಲ್ಲಿ ಕೆಲಸ, ನನ್ನ ಗಂಡನಿಗೆ ಗುಂಡ್ಲುಪೇಟೆಯ ಸರಕಾರಿ ಕಚೇರಿಯೊಂದರಲ್ಲಿ. ಇಬ್ಬರಿಗೂ ಹೋಗಿಬರಲು ಆಗಲೆಂದು ಚಾಮರಾಜನಗರದಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಬೆಳಿಗ್ಗೆ ಒಂದೇ ಬಸ್ ಸ್ಟ್ಯಾಂಡಿಗೆ ಹೋಗಿ ಬೇರೆ ಬೇರೆ ಬಸ್ಸು ಹತ್ತುತ್ತಿದ್ದೆವು. ಸಂಜೆ ಮನೆಗೆ ಬಂದಾಗ ಮಾತಾಡುವ ತ್ರಾಣ ಇಬ್ಬರಿಗೂ ಉಳಿದಿರುತ್ತಿರಲಿಲ್ಲ.

ಮಗುವನ್ನು ನೋಡಿಕೊಳ್ಳಲು ಕುದೇರಿನಿಂದ ನಮ್ಮ ಅತ್ತೆ ಬಂದಿದ್ದರು. ಜೀವಮಾನವೆಲ್ಲ ಬೇರೆಯವರ ಗದ್ದೆಯಲ್ಲಿ ನಾಟಿ, ಕಳೆ ಎಂದು ದುಡಿದ ಹೆಂಗಸು. ಪೇಟೆಯ ಮನೆ ಅವರಿಗೆ ಒಗ್ಗಲಿಲ್ಲ. ಗ್ಯಾಸ್ ಒಲೆ ಹಚ್ಚಲು ಹೆದರುತ್ತಿದ್ದರು, ಹಗಲೆಲ್ಲ ಬಾಗಿಲಲ್ಲಿ ಕೂತು ಬೀದಿ ನೋಡುತ್ತಿದ್ದರು. ನಾನಿಲ್ಲದ ಹೊತ್ತು ಮಗಳಿಗೆ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸುತ್ತಿದ್ದರು. ಅವಳು ಅರ್ಧ ಕುಡಿದು ಅರ್ಧ ಉಗುಳುತ್ತಿದ್ದಳಂತೆ.

ಮೂರನೆಯ ತರಗತಿಯ ಮಕ್ಕಳ ಎದುರು ನಿಂತಿರುವಾಗ ನನ್ನ ಎದೆ ಕಲ್ಲಿನಂತೆ ಬಿಗಿಯುತ್ತಿತ್ತು. ಶಾಲೆಯ ಪಕ್ಕದ ಮನೆಯಲ್ಲಿ ಯಾವುದಾದರೂ ಮಗು ಅತ್ತರೆ ಸಾಕು, ಹಾಲು ತಾನಾಗಿ ಸುರಿದು ರವಿಕೆ ನೆನೆಯುತ್ತಿತ್ತು. ಗಂಡನ ಹಳೆಯ ಪಂಚೆ ಹರಿದು ಮಡಿಸಿ ಒಳಗೆ ಇಟ್ಟುಕೊಂಡು, ಸೆರಗನ್ನು ಹೊದ್ದು ಪಾಠ ಮಾಡುತ್ತಿದ್ದೆ. ಊಟದ ಬಿಡುವಿನಲ್ಲಿ ಶಾಲೆಯ ಹಿಂದಿನ ಗೋಡೆಯ ಮರೆಗೆ ಹೋಗಿ ಮಣ್ಣಿಗೆ ಹಾಲು ಹಿಂಡುತ್ತಿದ್ದೆ. ಯಾರಾದರೂ ಬಂದಾರೆಂಬ ಗಾಬರಿಯಲ್ಲಿ ಸರಿಯಾಗಿ ಹಿಂಡಲೂ ಆಗುತ್ತಿರಲಿಲ್ಲ. ಅಲ್ಲಿ ಮಗಳು ಹಸಿದಿರುತ್ತಾಳೆ, ಇಲ್ಲಿ ನಾನು ಅವಳ ಪಾಲನ್ನು ಮಣ್ಣಿಗೆ ಬಿಡುತ್ತಿದ್ದೇನೆ ಎಂದು ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಅದೂ ಬರಲಿಲ್ಲ. ಬೇಗ ಹಿಂಡಿ ಮುಗಿಸಿ ಎಲ್ಲಾದರೂ ಕಣ್ಣು ಮುಚ್ಚಿ ಕೂತರೆ ಸಾಕು ಅನ್ನಿಸುತ್ತಿತ್ತು.

ಒಂದು ಶುಕ್ರವಾರ ಮಗ್ಗಿ ಹೇಳಿಸುತ್ತಿದ್ದಾಗ ಚಳಿ ಹತ್ತಿತು. ಉರಿಬಿಸಿಲಿನಲ್ಲೂ ಹಲ್ಲು ಕಟಕಟ ಅನ್ನುತ್ತಿತ್ತು. ಎಡಗಡೆಯ ಎದೆಗೆ ಸೆರಗು ತಾಗಿದರೂ ಪ್ರಾಣ ಹೋಗುವಷ್ಟು ನೋವು. ಹೆಡ್‌ಮಾಸ್ಟರು ನನ್ನ ಮುಖ ನೋಡಿ, "ಮನೆಗೆ ಹೋಗಿ ಮೇಡಂ, ಮಕ್ಕಳನ್ನ ನಾನು ನೋಡ್ಕೋತೀನಿ" ಎಂದರು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬ ಹಿಡಿದು, ಯಾರ ಮೊಣಕೈಯೂ ತಾಗದಂತೆ ಎದೆಗೆ ಬ್ಯಾಗು ಅಡ್ಡ ಹಿಡಿದು ನಿಂತೆ. ಗುಂಡಿಗೆ ಬಸ್ಸು ಇಳಿದಾಗಲೆಲ್ಲ ಕಣ್ಣು ಕತ್ತಲಿಟ್ಟು ಬರುತ್ತಿತ್ತು.

ಮನೆಗೆ ಬಂದವಳೇ ಚಾಪೆಯ ಮೇಲೆ ಬಿದ್ದುಕೊಂಡೆ. ಅತ್ತೆ ಹಣೆ ಮುಟ್ಟಿ ನೋಡಿದರು.

"ಯಾಕವ್ವ, ಮೈ ಕೆಂಡ ಆಗದಲ್ಲ?"

"ಎಡಗಡೆ ಎದೆ ಮುಟ್ಟಕ್ಕಾಯ್ತಿಲ್ಲ ಅತ್ತೆ."

ಅವರು ಸೆರಗು ಸರಿಸಿ ನೋಡಿದರು. ಅಂಗೈ ಅಗಲ ಕೆಂಪಗೆ ಊದಿಕೊಂಡಿತ್ತು. ನಾನು ಮಗಳನ್ನು ಎತ್ತಿ ಅದೇ ಕಡೆಗೆ ಹಚ್ಚಿಕೊಳ್ಳಲು ಹೋದೆ. ಕುಡಿದರೆ ಬಿಗಿ ಇಳಿದೀತೆಂಬ ಆಸೆ. ಅತ್ತೆ ಮಗುವನ್ನು ಕಿತ್ತುಕೊಂಡರು. ಕಿತ್ತುಕೊಂಡರು ಎಂದೇ ಹೇಳಬೇಕು. ಅಷ್ಟು ಒರಟಾಗಿ ಅವರು ನನ್ನೊಂದಿಗೆ ಎಂದೂ ನಡೆದುಕೊಂಡಿರಲಿಲ್ಲ.

"ಬ್ಯಾಡ, ಕೊಡ್ಬ್ಯಾಡ! ಕೆಟ್ಟಾಲು ಅದು!"

ಮಗುವನ್ನು ಎದೆಗವಚಿಕೊಂಡು ಬಾಗಿಲಾಚೆ ಹೋದರು. ಜ್ವರದ ಮಂಪರಿನಲ್ಲಿ ಅದನ್ನು ಕಂಡೆನಾದರೂ ಯಾಕೆಂದು ಕೇಳಲಿಲ್ಲ.

ಸಂಜೆ ಅವರೇ ಹೋಗಿ ಮಲ್ಲಿಗೆ ಹೂ ತಂದರು. "ಊ ಕಟ್ಟುದ್ರ ಆಲು ಬತ್ತೋಯ್ತದ" ಎಂದು ಎದೆಯ ಮೇಲೆ ಹರಡಿ ಬಟ್ಟೆ ಸುತ್ತಿ ಬಿಗಿದರು. ಆ ಶನಿವಾರ, ಭಾನುವಾರ ಎರಡೂ ದಿನ ಹಾಗೆಯೇ ಬಿದ್ದಿದ್ದೆ. ಬಾಡಿದ ಮಲ್ಲಿಗೆ, ಹುಳಿ ಹಾಲು, ಬೆವರು ಎಲ್ಲ ಸೇರಿದ ಒಂದು ವಾಸನೆ. ಮಗಳಿಗೆ ಬಲಗಡೆ ಮಾತ್ರ ಕೊಡುತ್ತಿದ್ದೆ. ಅವಳು ಬಾಯಿ ಹಚ್ಚಿದೊಡನೆ ಎಡಗಡೆಯೂ ಸುರಿಯಲು ಹವಣಿಸಿ ಒಳಗೆ ಸೂಜಿ ಆಡಿಸಿದಂತಾಗುತ್ತಿತ್ತು. ತವರುಮನೆ ಭೀಮನಬೀಡಿಗೆ ಹೇಳಿ ಕಳಿಸಲೇ ಎಂದು ಗಂಡ ಕೇಳಿದರು. ಬೇಡ ಎಂದೆ. ಅವ್ವ ಬಂದರೆ ಅವಳಿಗೆ ಮತ್ತೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಲ್ಲ, ಅದೇ ಆಯಾಸ ಅನ್ನಿಸಿತು.

ಸೋಮವಾರವೂ ಜ್ವರ ಇಳಿಯಲಿಲ್ಲ. ಅಮ್ಮನಿಗೆ ಎದುರಾಡಿ ಗೊತ್ತಿಲ್ಲದ ನನ್ನ ಗಂಡ ಅಂದು ರಜೆ ಹಾಕಿ, "ಡಾಕ್ಟ್ರತ್ರ ಓಗನ, ಏಳು" ಎಂದರು. ಅತ್ತೆ ಮಗುವನ್ನು ಎತ್ತಿಕೊಂಡು ಹಿಂದೆ ಬಂದರು.

ಡಾಕ್ಟರಮ್ಮ ನನಗಿಂತ ಸ್ವಲ್ಪ ದೊಡ್ಡವರು. ಹೊರಗೆ ಬೆಂಚು ತುಂಬ ಜನ ಕೂತಿದ್ದರು, ಡಾಕ್ಟರಮ್ಮನ ಮುಖದಲ್ಲೂ ದಣಿವಿತ್ತು. ಬಟ್ಟೆ ಬಿಚ್ಚಿ, ಹೂವನ್ನು ತೆಗೆದು ಬುಟ್ಟಿಗೆ ಹಾಕಿ, ಎರಡು ಬೆರಳಿನಿಂದ ಒತ್ತಿ ನೋಡಿದರು. ನಾನು ಕಿರುಚಿದೆ.

"ಹಾಲು ನಿಂತು ನಿಂತು ಹೀಗಾಗಿದೆ. ಖಾಲಿ ಆಗ್ತಾ ಇದ್ದಿದ್ರೆ ಇಷ್ಟಾಗ್ತಿರಲಿಲ್ಲವೇನೋ. ಈಗ ಒಳಗೆ ಕೀವು ಕಟ್ಟಿದೆ. ಸ್ವಲ್ಪ ಕುಯ್ದು ತೆಗೀಬೇಕು."

ಅತ್ತೆ ಬಾಗಿಲ ಹತ್ತಿರದಿಂದಲೇ ಕೇಳಿದರು. "ಆ ಆಲ ಕುಡುದ್ರ ಕೂಸ್ಗ ಏನೂ ಆಗಕಿಲ್ವ?"

"ಹಾಲು ಕೆಟ್ಟಿಲ್ಲಮ್ಮ. ಗಾಯ ಮಾಗೋವರೆಗೆ ಬಲಗಡೆ ಕುಡಿಸಲಿ, ಎಡಗಡೆದು ಹಿಂಡಿ ತೆಗೀಲಿ. ಆಮೇಲೆ ಎರಡೂ ಕಡೆ ಕುಡಿಸಬಹುದು."

"ಎದ ಬಾತಿರುವಾಗ್ಲೇ ಕುಡುಸ್ಬುಟ್ಟಿದ್ರ?"

"ಏನೂ ಆಗ್ತಿರಲಿಲ್ಲ."

"ಕೂಸು ಸಾಯಕಿಲ್ವ?"

ಡಾಕ್ಟರಮ್ಮ ತಲೆಯೆತ್ತಿ ಅವರನ್ನು ನೋಡಿದರು. "ಅದರಿಂದ ಯಾಕಮ್ಮ ಸಾಯುತ್ತೆ? ಎಷ್ಟು ಸಲ ಹೇಳಲಿ?"

ಅತ್ತೆ ಮಗುವಿನೊಂದಿಗೆ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಮರಗಟ್ಟುವ ಇಂಜೆಕ್ಷನ್ ಕೊಟ್ಟರೂ ನನಗೆ ಕುಯ್ಯುವುದು ಗೊತ್ತಾಯಿತು. ಕೀವು ಹೊರಟಾಗ ನೋವಿನ ಜೊತೆಗೇ ಎಂಥದೋ ಹಗುರ. ಅಲ್ಲಿಯೇ ಮೇಜಿನ ಮೇಲೆ ನಿದ್ದೆಹೋಗಿಬಿಟ್ಟೆನಂತೆ, ನರ್ಸು ಎಬ್ಬಿಸಿದರು.

ಅಲ್ಲಿಂದ ದಿನವೂ ಡ್ರೆಸಿಂಗ್. ಗಾಯದೊಳಗೆ ತುರುಕಿದ ಬಟ್ಟೆಯ ಪಟ್ಟಿಯನ್ನು ಎಳೆದು ತೆಗೆದು ಹೊಸದು ತುರುಕುವುದು. ಮನೆಯಲ್ಲಿ ಬಿಸಿನೀರಿನ ಬಟ್ಟೆ ಒತ್ತಿ ಹಾಲು ಹಿಂಡುವುದು. ಹಿಂಡುವಾಗ ಅತ್ತೆಯೇ ಬಟ್ಟಲು ಹಿಡಿಯುತ್ತಿದ್ದರು. ಒಂದು ಮಧ್ಯಾಹ್ನ ಮಗಳು ಪಕ್ಕದಲ್ಲಿ ಮಲಗಿದ್ದಳು. ಅತ್ತೆ ಬಟ್ಟಲನ್ನೇ ನೋಡುತ್ತ ಹೇಳಿದರು.

"ನಂಗೂ ಇಂಗೇ ಆಗಿತ್ತು ಕಣವ್ವ. ಮೊದಲ್ನ ಕೂಸ್ಗ."

ಗಂಡನಿಗಿಂತ ಮೊದಲು ಒಂದು ಹೆಣ್ಣು ಹುಟ್ಟಿ ತೀರಿಹೋಗಿತ್ತೆಂದು ಮಾತ್ರ ನನಗೆ ಗೊತ್ತಿತ್ತು.

"ಕೂಸ ಮನಲಿ ಬುಟ್ಟು ಕಳ ಕೀಳಕ ಓಯ್ತಿದ್ದೆ. ಎದ ಕಟ್ಕತು, ಜ್ವರ ಬಂತು. ಕೂಸು ಅಳ್ತಿತ್ತು, ತಡಕಳಕಾಗ್ದೆ ಕುಡುಸ್ಬುಟ್ಟೆ. ಆಮೇಲ ಕೂಸ್ಗೂ ಜ್ವರ ಬಂದು ಓಗ್ಬುಡ್ತು. ಕೆಟ್ಟಾಲು ಕುಡುಸಿ ಎತ್ತವ್ವನೇ ಕೊಂದ್ಲು ಅಂದ್ರು."

"ಯಾರು ಅತ್ತೆ ಅಂದದ್ದು?"

"ಎಲ್ರೂವೆ." ಬಟ್ಟಲ ಅಂಚು ಒರೆಸಿ, "ನಾನೂವೆ" ಎಂದರು.

ನಾನು ಹಿಂಡುವುದನ್ನು ನಿಲ್ಲಿಸಿದೆ.

"ಆ ಡಾಕ್ಟ್ರಮ್ಮ ಅಂದದ್ದು ದಿಟವಾ? ನೀನು ಓದ್ಕಂಡಿರೋಳು, ನೀನೇ ಯೋಳು."

"ದಿಟ ಅತ್ತೆ. ಆ ಕೂಸಿಗೆ ಬಂದದ್ದು ಬೇರೆ ಏನೋ ಜ್ವರ. ನಿಮ್ಮ ಹಾಲಿಂದಲ್ಲ."

ಅವರು ಎದ್ದು ಬಟ್ಟಲು ತೊಳೆಯಲು ಹಿತ್ತಿಲಿಗೆ ಹೋದರು. ಬಹಳ ಹೊತ್ತು ನಲ್ಲಿಯ ಸದ್ದು ಕೇಳುತ್ತಿತ್ತು. ಎದ್ದು ಹೋಗಿ ಪಕ್ಕದಲ್ಲಿ ನಿಲ್ಲಬೇಕು ಅನ್ನಿಸಿತು. ಮೈ ಏಳಲಿಲ್ಲ. ಹಾಗೇ ನಿದ್ದೆ ಹತ್ತಿತು.

ಗಾಯ ಒಣಗುವ ಮೊದಲೇ ಮತ್ತೆ ಶಾಲೆಗೆ ಹೋದೆ, ರಜೆ ಉಳಿದಿರಲಿಲ್ಲ. ಅದೇ ಬಸ್ಸು, ಅದೇ ಬಿಗಿತ. ಇನ್ನೊಮ್ಮೆ ಹೀಗಾದರೆ ಕೆಲಸ ಬಿಡುವುದು, ಇಲ್ಲವೇ ಹಾಲು ಬಿಡಿಸುವುದು, ಎರಡರಲ್ಲಿ ಒಂದು ಎಂದುಕೊಂಡಿದ್ದೆ. ಯಾವುದನ್ನೂ ತೀರ್ಮಾನಿಸುವ ಶಕ್ತಿ ಇರಲಿಲ್ಲ.

ಹಾಗಿರುವಾಗ ಒಂದು ದಿನ ಊಟದ ಬಿಡುವಿಗೆ ಮುಂಚೆ ಹುಡುಗಿಯೊಬ್ಬಳು, "ಮಿಸ್, ಯಾರೋ ಅಜ್ಜಿ ಬಂದವ್ರೆ" ಎಂದಳು. ಹೊರಗೆ ಬಂದು ನೋಡಿದರೆ ಬೇವಿನ ಮರದಡಿ ಅತ್ತೆ, ಕಂಕುಳಲ್ಲಿ ಮಗಳು. ಗಾಬರಿಯಿಂದ ಓಡಿದೆ.

"ಏನಾಯ್ತು ಅತ್ತೆ?"

"ಏನೂ ಆಗ್ನಿಲ್ಲ. ಅದು ಅಲ್ಲಿ ಅಳದು, ನೀನು ಇಲ್ಲಿ ನೋಯದು. ಇಬ್ರೂ ಒಂದ್ಕಡ ಇರಿ ಅಂತ ಬಸ್ ಅತ್ತಿ ಬಂದೆ."

"ಒಬ್ಬರೇ ಹೇಗೆ ಬಂದ್ರಿ?"

"ಉಮ್ಮತ್ತೂರೇನು ನಂಗ ಒಸಾದ? ಮೊದ್ಲು ಕೂಸ್ಗ ಆಲ್ಕೊಡು."

ಹೆಡ್‌ಮಾಸ್ಟರು ಬಂದರು. "ಮೇಡಂ, ಒಂದು ದಿನಕ್ಕೆ ಸರಿ. ದಿನಾ ಹೀಗಾದ್ರೆ, ಇನ್‌ಸ್ಪೆಕ್ಟ್ರು ಬಂದಾಗ..." ಎಂದು ರಾಗ ಎಳೆದರು.

ಅತ್ತೆ ಕೈಮುಗಿಯಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಅವ್ರು ಬಂದ್ರ ನಾನು ಈಚ ರಸ್ತಲಿ ಕುಂತ್ಕತಿನಿ ಸಾ. ಕೂಸ್ಗ ಒಟ್ಟ ತುಂಬುಸ್ಬುಟ್ರ ಸಾಕು ನಮ್ಗ."

ಹೆಡ್‌ಮಾಸ್ಟರು ಒಳಗೆ ಹೋಗಿ ಕೀಲಿಕೈ ತಂದು ಕೊಟ್ಟರು. ಮಕ್ಕಳಿಗೆ ಹಂಚುವ ಅಕ್ಕಿಮೂಟೆ, ಹಳೆಯ ಭೂಪಟಗಳನ್ನಿಟ್ಟ ಕೋಣೆ. ಮೂಟೆಗೆ ಒರಗಿ ಕೂತು, ನೋವಿಗೆ ಕಣ್ಣು ಮುಚ್ಚಿ, ಗಾಯ ಮಾಗಿದ ಮೇಲೆ ಮೊದಲ ಸಲ ಮಗಳನ್ನು ಎಡಗಡೆಗೆ ಹಚ್ಚಿಕೊಂಡೆ. ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ಕೂತಿದ್ದವರು, ತಿರುಗಿ ನೋಡಿ, "ಕುಡೀತಿದ್ದದ?" ಎಂದರು.

"ಕುಡೀತಿದ್ದಾಳೆ."

"ಕುಡೀಲಿ, ಕುಡೀಲಿ" ಎಂದರು.

ಆಮೇಲೆ ಆ ವರ್ಷವೆಲ್ಲ ನಾವು ಮೂವರೂ ಉಮ್ಮತ್ತೂರಿಗೆ ಹೋಗಿಬಂದೆವು. ಮಗಳಿಗೆ ನೆಗಡಿಯಾದ ದಿನ, ಬಸ್ಸು ಕೆಟ್ಟ ದಿನ, ಅತ್ತೆಗೆ ಮಂಡಿ ನೋವು ಬಂದ ದಿನ ಮತ್ತೆ ಎದೆ ಕಟ್ಟುತ್ತಿತ್ತು. ಆದರೆ ಮತ್ತೆ ಕುಯ್ಯುವ ಮಟ್ಟಕ್ಕೆ ಹೋಗಲಿಲ್ಲ. ಎಡಗಡೆಯಲ್ಲಿ ಕೊನೆಯವರೆಗೂ ಹಾಲು ಕಡಿಮೆಯೇ. ಅದೊಂದು ಸಂಭ್ರಮದ ವರ್ಷವಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ನೆನಪಿರುವುದೆಲ್ಲ ನಿದ್ದೆಗಣ್ಣು, ಒದ್ದೆ ರವಿಕೆ, ಬಸ್ಸಿನ ಧೂಳು.

ಮಗಳು ಅನ್ನ ತಿನ್ನಲು ಕಲಿತು, ಹಾಲು ಬಿಟ್ಟ ಮೇಲೂ ಅತ್ತೆ ಕೆಲವು ಕಾಲ ಇದ್ದರು. ಆಮೇಲೆ, "ನಂಗ ಪ್ಯಾಟ ಸಾಕಾಯ್ತು" ಎಂದು ಕುದೇರಿಗೆ ಹೊರಟರು. ಬಸ್ಸು ಹತ್ತುವ ಮುಂಚೆ ಮಗಳ ಕೆನ್ನೆ ಹಿಂಡಿ, ಅವಳನ್ನು ಒಂದು ಹೆಸರು ಹಿಡಿದು ಕರೆದರು. ಅದು ನಾವಿಟ್ಟ ಹೆಸರಾಗಿರಲಿಲ್ಲ. ಯಾರ ಹೆಸರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಗಳು ಮಾತ್ರ ತನ್ನದೇ ಹೆಸರೆಂಬಂತೆ ಅವರ ಕಡೆ ಕೈ ಚಾಚಿದಳು.